ಜೋಗೇಶ್ವರಿಗೆ ಬಂದ ಜಪಾನಿನ ಬಸವಣ್ಣ

ತನ್ನ ದಂತವನ್ನು ತಾನೇ ಮುರಿದು ಲೇಖನಿಯಾಗಿಸಿಕೊಂಡ ಏಕದಂತನಿಗೆ ನಮಸ್ಕಾರ. ದೊಡ್ಡ ಹೊಟ್ಟೆಯಲ್ಲಿ ಮೂರು ಲೋಕಗಳನ್ನೂ ಸಣ್ಣ ಕಣ್ಣಿನಲ್ಲಿ ಅವುಗಳ ನಗೆಪಾಟಲನ್ನೂ ಅಡಗಿಸಿಕೊಂಡಿರುವ ಆ ವಿಘ್ನರಾಜನು, ದಂತದ ದೆಸೆಯಿಂದಲೇ ಹುಟ್ಟಿದ ಈ ಕಥೆಯ ವಿಘ್ನಗಳನ್ನೆಲ್ಲ ನಿವಾರಿಸಲಿ. ಆದರೆ ಒಂದೆರಡನ್ನು ಉಳಿಸಿಯೂ ಕೊಡಲಿ. ವಿಘ್ನವೇ ಇಲ್ಲದ ಕಡೆ ಕಥೆಗೆ ಕಾಲೂರಲು ಸ್ಥಳವಿರುವುದಿಲ್ಲ.

ಮುಂಬಯಿಯ ಜೋಗೇಶ್ವರಿಯ ಪೂರ್ವದಲ್ಲಿ, ಸಣ್ಣ ಕಾರ್ಖಾನೆಗಳ ಸಾಲಿನೊಳಗೆ, ವಿಜಯಪುರದ ಕಡೆಯ ಶೆಟ್ಟೆಪ್ಪನು ಕೃತಕ ಹಲ್ಲುಗಳ ಲ್ಯಾಬೊಂದನ್ನು ನಡೆಸುತ್ತಿದ್ದನು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳುಹಿಸುವರು. ಇವನು ಅದಕ್ಕೆ ತಕ್ಕಂತೆ ಮೇಣದಲ್ಲಿ ತಿದ್ದಿ, ಅಕ್ರಿಲಿಕ್‌ನಲ್ಲಿ ಎರಕ ಹೊಯ್ದು, ಉಜ್ಜಿ, ಹೊಳಪು ಕೊಟ್ಟು ಹಿಂದಿರುಗಿಸುವನು. ಅವನ ಕೈಯ ಹಲ್ಲುಗಳಿಗೆ ಒಂದು ವಿಶೇಷವಿತ್ತು. ಅವು ಅತಿ ಸುಂದರವಾಗಿರುತ್ತಿರಲಿಲ್ಲ. ಐವತ್ತು ವರ್ಷ ಅಡಿಕೆ ತಿಂದವನಿಗೆ ಐವತ್ತು ವರ್ಷ ಅಡಿಕೆ ಕಂಡ ಹಲ್ಲನ್ನೇ ಅವನು ಮಾಡಿಕೊಡುತ್ತಿದ್ದನು. ಹೀಗಾಗಿ ಅವನ ಹಲ್ಲನ್ನು ಧರಿಸಿದವರನ್ನು ಕಂಡು ಹೆಂಡಿರೂ ಮೋಸಹೋಗುತ್ತಿದ್ದರೆಂದು ಪ್ರತೀತಿ.

ಅಂಥ ಒಂದು ಹಲ್ಲಿನ ಸೆಟ್ಟನ್ನು ಧರಿಸಿದ್ದವರಲ್ಲಿ ದಹಿಸರ್‌ನ ರಮಾನಾಥರೂ ಒಬ್ಬರು. ಮಂಗಳೂರಿನ ಕಡೆಯವರು, ಹಡಗು ಕಂಪನಿಯೊಂದರಿಂದ ನಿವೃತ್ತರಾದವರು. ಅವರ ಅಜ್ಜ ಜಪಾನಿನ ಕೋಬೆ ಬಂದರಿನಲ್ಲಿ ಹತ್ತಿ ವ್ಯಾಪಾರದ ಗುಮಾಸ್ತರಾಗಿದ್ದು, ಹಿಂದಿರುಗುವಾಗ ಹನ್ನೊಂದು ಪುಟ್ಟ ದಂತಶಿಲ್ಪಗಳನ್ನು ತಂದಿದ್ದರು. ಅವನ್ನು ಗಾಜಿನ ಕಪಾಟಿನಲ್ಲಿಟ್ಟು, ಅರಣ್ಯ ಇಲಾಖೆಯ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಪಕ್ಕದ ಗೋಡೆಗೆ ತೂಗುಹಾಕಿ, ರಮಾನಾಥರು ನಲವತ್ತು ವರ್ಷಗಳಿಂದ ನೋಡುತ್ತಿದ್ದರು. ನೋಡುತ್ತಿದ್ದರು, ಅಷ್ಟೇ. ಮುಟ್ಟುವ ಅಧಿಕಾರ ಅವರಿಗೂ ಅಪರೂಪವಾಗಿತ್ತು.

ಶ್ರಾವಣದ ಆರಂಭದಲ್ಲಿ ಒಂದು ಬುಧವಾರ ಅವರು ಹತ್ತಿ ತುಂಬಿದ ಡಬ್ಬಿಯೊಂದನ್ನು ಎರಡು ಕೈಗಳಿಂದ ಹಿಡಿದು ಶೆಟ್ಟೆಪ್ಪನ ಲ್ಯಾಬಿಗೆ ಬಂದರು.

“ನೋಡು ಮಾರಾಯ, ಉಸಿರು ಬಿಡಬೇಡ,” ಎಂದು ಮುಚ್ಚಳ ತೆಗೆದರು.

ಒಳಗೆ ನಿಂಬೆಹಣ್ಣಿನಷ್ಟು ಗಾತ್ರದ ಎತ್ತೊಂದು ಮಲಗಿತ್ತು.

“ಇದು ಏನ್ರೀ ಸರ್, ಆಟಗಿ ಸಾಮಾನೇನು?”

“ಆಟಿಕೆಯಾ! ನೆತ್ಸುಕೆ ಮಾರಾಯ, ನೆತ್ಸುಕೆ! ಹಿಂದಿನ ಜಪಾನಿಗಳ ಉಡುಪಿಗೆ ಜೇಬೇ ಇರಲಿಲ್ಲ. ತಂಬಾಕಿನ ಚೀಲ, ಔಷಧದ ಡಬ್ಬಿ ಎಲ್ಲ ದಾರಕ್ಕೆ ಕಟ್ಟಿ ಸೊಂಟದ ಪಟ್ಟಿಯಿಂದ ನೇತುಹಾಕುವುದು. ದಾರ ಜಾರಿ ಬೀಳಬಾರದಲ್ಲ? ಅದಕ್ಕೆ ಮೇಲಿನ ತುದಿಗೆ ಇದು.”

“ಅಂದ್ರ ಗುಂಡಿ ಇದ್ದಂಗ ಅನ್ರಿ.”

“ಗುಂಡಿ ಅನ್ಬೇಡ. ಅಜ್ಜ ಕೋಬೆಯಿಂದ ತಂದದ್ದು ಇದು.”

ಆದರೆ ಶೆಟ್ಟೆಪ್ಪನು ಮಾತು ನಿಲ್ಲಿಸಿ ಅದನ್ನು ಅಂಗೈಗೆ ತೆಗೆದುಕೊಂಡಾಗಲೇ ಅವನ ಮುಖ ಬದಲಾಯಿತು. ಕೈಕೆಲಸದವನಿಗೆ ಕೈಕೆಲಸವು ಪರಿಚಯದ ಪತ್ರವಿಲ್ಲದೆಯೇ ಅರ್ಥವಾಗುತ್ತದೆ. ಬಟ್ಟೆಗೆ ಸಿಕ್ಕಿಕೊಳ್ಳಬಾರದೆಂದು ಶಿಲ್ಪಿಯು ಒಂದು ಅಂಗವನ್ನೂ ಹೊರಗೆ ಚಾಚಗೊಟ್ಟಿರಲಿಲ್ಲ. ಕಾಲುಗಳು ಹೊಟ್ಟೆಯಡಿ ಮಡಚಿಕೊಂಡಿದ್ದವು, ಬಾಲ ತೊಡೆಗೆ ಅಂಟಿತ್ತು, ಕುತ್ತಿಗೆ ಪಕ್ಕೆಗೆ ತಿರುಗಿತ್ತು. ಆದರೂ ಎತ್ತು ಇಕ್ಕಟ್ಟಿನಲ್ಲಿ ಮುದುಡಿದಂತೆ ಕಾಣದೆ, ಉಂಡು ಮೆಲುಕುಹಾಕುವ ಸುಖದಲ್ಲಿ ತಾನಾಗಿಯೇ ಹಾಗೆ ಮಲಗಿದಂತಿತ್ತು. ಚರ್ಮದಡಿ ಬೆನ್ನುಹುರಿಯ ಮಣಿಗಳು ಒಂದೊಂದಾಗಿ ಎದ್ದು ಇಳಿದಿದ್ದವು. ಮೂಗುದಾಣದಿಂದ ಹೊರಟ ಹಗ್ಗವೊಂದು ಬೆನ್ನಿನ ಮೇಲೆ ಹಾದುಹೋಗಿತ್ತು. ಆ ಹಗ್ಗದ ಹುರಿಯೂ ಎಣಿಸಲು ಬರುತ್ತಿತ್ತು. ತಿರುಗಿಸಿ ನೋಡಿದರೆ, ಯಾರೂ ನೋಡದ ತಳಭಾಗದಲ್ಲಿ ನಾಲ್ಕು ಗೊರಸುಗಳೂ ಸೀಳು ಸಮೇತ ಸಿದ್ಧವಾಗಿದ್ದವು. ಅವುಗಳ ನಡುವೆ ದಾರ ಪೋಣಿಸಲು ಎರಡು ರಂಧ್ರಗಳು. ಗಂಟನ್ನು ಒಳಗೆ ಮರೆಮಾಡಲೆಂದು ಒಂದು ಮಾತ್ರ ತುಸು ದೊಡ್ಡದು.

“ಯಾರೂ ನೋಡದಲ್ಲೂ ಗೊರಸ ಕೆತ್ಯಾನಲ್ರೀ,” ಎಂದ ಶೆಟ್ಟೆಪ್ಪ ಮೆಲ್ಲಗೆ.

“ದೇವರು ನೋಡ್ತಾನೆ ಅಂತ ಇರಬೇಕು. ಆದರೆ ನಮ್ಮ ಕೆಲಸದವಳು ಒರೆಸುವಾಗ ದೇವರು ಬೇರೆ ಕಡೆ ನೋಡ್ತಿದ್ದ. ಎಡಗೊಂಬು ಹೋಯ್ತು. ಬರುವ ಭಾನುವಾರ ಅಲ್ಲ, ಅದರ ಮುಂದಿನ ಭಾನುವಾರ, ಕಲೆ ಗೊತ್ತಿರುವ ನಾಲ್ಕು ಜನ ಬರ್ತಾರೆ. ನೀನು ಕೊಂಬು ಕೂರಿಸಬೇಕು. ನನ್ನ ಹಲ್ಲು ನೋಡಿ ಈ ಯೋಚನೆ ಬಂದದ್ದು.”

“ಹಲ್ಲಿನ ಜಾತೀದ ಕೆಲಸ ಐತಿ, ಮಾಡತೀನ್ರಿ. ನನ್ನ ಮಾತಂದ್ರ ಮಾತು. ಹೆಂಗ ಕೊಟ್ಟೀರಿ ಹಂಗ, ಮ್ಯಾಲೆ ಒಂದು ಕೊಂಬು ಹಚ್ಚಿ ವಾಪಸ್ ಕೊಡತೀನಿ.”

ಆ ಮಾತೇ ಮುಂದೆ ಅವನ ಕೊರಳಿಗೆ ಉರುಳಾಯಿತು.

ಹಲ್ಲಿನ ಬಣ್ಣವನ್ನು ಬೆಳಗಿನ ಬಿಸಿಲಿನಲ್ಲಿಯೇ ಹೊಂದಿಸಬೇಕು. ಟ್ಯೂಬ್‌ಲೈಟಿನ ಬೆಳಕು ಸುಳ್ಳು ಹೇಳುತ್ತದೆ. ಲ್ಯಾಬಿಗೆ ಕಿಟಕಿಯಿರಲಿಲ್ಲವಾಗಿ ಶೆಟ್ಟೆಪ್ಪನು ಎತ್ತನ್ನು ಚಾಳಿನ ತನ್ನ ಮನೆಗೆ ಒಯ್ದನು. ಮೂಲವಸ್ತುವಿನ ಮೇಲೆ ನೇರವಾಗಿ ಕೈಮಾಡುವುದು ಅವನ ಕಸುಬಿನ ಪದ್ಧತಿಯಲ್ಲ. ಮೊದಲು ಇಡೀ ಎತ್ತಿನ ಅಚ್ಚು ತೆಗೆದು, ಅಕ್ರಿಲಿಕ್‌ನಲ್ಲಿ ಅದರ ಪಡಿಯಚ್ಚನ್ನು ಎರೆದು, ಅದರ ಮೇಲೆ ಕೊಂಬಿನ ಅಭ್ಯಾಸ ಮಾಡಿದನು. ಕೊಂಬು ಸರಿಹೋದ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ಕಲಾವಿದನ ಅಹಂಕಾರವು ಎರಡು ಶತಮಾನ ಹಿಂದಿನ ಕಾಣದ ಜಪಾನಿಯೊಡನೆ ಪಂದ್ಯಕ್ಕೆ ನಿಂತಿತು. ಚಹಾದ ಕಷಾಯದಲ್ಲಿ ನೆನೆಸಿ, ಗೆರೆಗಳಲ್ಲಿ ಕಂದು ಬಣ್ಣ ತುಂಬಿ, ಬಟ್ಟೆಯಿಂದ ಉಜ್ಜಿ, ಆ ಪಡಿಯಚ್ಚಿಗೂ ಇನ್ನೂರು ವರ್ಷ ವಯಸ್ಸು ಬರಿಸಿದನು. ಕೊನೆಗೆ ಮೂಲ ಎತ್ತಿಗೂ ಕೊಂಬು ಕೂರಿಸಿ, ಎರಡನ್ನೂ ಕಿಟಕಿಯಲ್ಲಿಟ್ಟು ಸ್ನಾನಕ್ಕೆ ಹೋದನು. ಅಂದು ಶ್ರಾವಣದ ಸೋಮವಾರ.

ಮರಳಿ ಬಂದಾಗ ಕಿಟಕಿಯಲ್ಲಿ ಒಂದೇ ಎತ್ತು ಇತ್ತು. ತಾಯಿ ಚನ್ನವ್ವ ದೇವರ ಜಗುಲಿಯ ಮುಂದೆ ಕಣ್ಣು ಮುಚ್ಚಿ ಕುಳಿತಿದ್ದಳು. ಅವಳ ಕೊರಳಲ್ಲಿ, ಇಷ್ಟಲಿಂಗದ ಕರಡಿಗೆಯ ಪಕ್ಕದಲ್ಲಿ, ಹೊಸ ಶಿವದಾರಕ್ಕೆ ಪೋಣಿಸಿಕೊಂಡು, ಹಣೆಯಿಂದ ಬಾಲದವರೆಗೆ ವಿಭೂತಿ ಧರಿಸಿ, ಇನ್ನೊಂದು ಎತ್ತು ತೂಗುತ್ತಿತ್ತು.

“ಯವ್ವಾ! ಆ ಎತ್ತು…”

“ಎತ್ತ ಅನಬ್ಯಾಡ, ನಾಲಿಗಿ ಸುಟ್ಟೀತು. ಬಸವಣ್ಣ ಅನ್ನು. ಶ್ರಾವಣ ಸೋಮವಾರ ಪೂಜಿ ಹೊತ್ತಿಗೆ ಕಿಟಕ್ಯಾಗ ಬಂದು ಕೂತಿದ್ದ.”

“ನಾನ ಇಟ್ಟಿದ್ದೆ ಯವ್ವಾ ಅಲ್ಲಿ. ಅದು ಮಂದೀದು. ಜಪಾನಿಂದು.”

“ಜಪಾನದಾಗ ಬಸವಣ್ಣ ಇರಬಾರದಂತ ಯಾರ ಹೇಳ್ಯಾರ? ಶಿವ ಎಲ್ಲಾ ಕಡೆ ಅದಾನಂದ ಮ್ಯಾಲೆ ಅವನ ಗಾಡಿ ಒಂದ ಕಡೆ ನಿಂತಿರತೈತೇನು?”

“ಮೂಗದಾಣ ಐತಿ ನೋಡು, ಹಗ್ಗ ಐತಿ! ನಂದಿಗೆ ಯಾರರೆ ಹಗ್ಗ ಹಾಕತಾರೇನು?”

“ಹೊಲದ ಕೆಲಸ ಮುಗಿಸಿ ಬಂದ ಕೂತಾನ. ದುಡಿಯೋ ದೇವರು. ನಿನಗ ಎಸಿ ಗುಡಿಯಾಗ ಕೂತಾವರಷ್ಟ ದೇವರಾಗಿ ಕಾಣತಾರ. ಮತ್ತ ಹೊಟ್ಟಿ ಕೆಳಗ ಎರಡು ತೂತ ಯಾತಕ್ಕ ಅದಾವ ಹೇಳು? ಶಿವದಾರ ಹಾಕ್ಕೊಳ್ಳಾಕ ಅಲ್ಲೇನು?”

ದಾರಕ್ಕಾಗಿಯೇ ಆ ರಂಧ್ರಗಳಿದ್ದವೆಂಬುದನ್ನು ಶೆಟ್ಟೆಪ್ಪನು ಅಲ್ಲಗಳೆಯುವಂತಿರಲಿಲ್ಲ. ಕಿಟಕಿಯಲ್ಲಿದ್ದ ಪಡಿಯಚ್ಚನ್ನು ತಂದು ಕೈಗಿತ್ತು, “ಇದನ್ನ ತಗೋ ಯವ್ವಾ, ಡಿಟ್ಟೋ ಐತಿ,” ಎಂದನು. ಚನ್ನವ್ವ ಅದನ್ನು ಗಲ್ಲಕ್ಕೆ ಒಂದು ಸಲ ತಾಗಿಸಿ ಹಿಂದಿರುಗಿಸಿದಳು.

“ಇದು ಬೆಚ್ಚಗೈತಿ, ಹಗರ ಐತಿ. ಅದು ತಣ್ಣಗೈತಿ, ಭಾರ ಐತಿ. ಎರಡೂ ಮೊದಲ ಮುಟ್ಟಿ ನೋಡೇನಿ, ಅದಕ್ಕ ಅದನ್ನ ಆರಿಸೇನಿ. ಕೊರಳಿಗೆ ಬಂದ ದೇವರನ್ನ ತಗದ ಕೊಡಂಗಿಲ್ಲಪಾ.”

ಶೆಟ್ಟೆಪ್ಪನ ಬಳಿ ಒಂದು ಬ್ರಹ್ಮಾಸ್ತ್ರವಿತ್ತು. ಅದು ಆನೆಯ ಹಲ್ಲು ಎಂಬ ಒಂದು ಮಾತು ಸಾಕಾಗಿತ್ತು. ಮೊಟ್ಟೆ ಬೇಯಿಸಿದ ಮನೆಯ ನೀರನ್ನೂ ಮುಟ್ಟದ ಆ ತಾಯಿ, ಸತ್ತ ಪ್ರಾಣಿಯ ಹಲ್ಲು ತನ್ನ ಲಿಂಗದ ಪಕ್ಕದಲ್ಲಿ ತೂಗುತ್ತಿದೆಯೆಂದು ತಿಳಿದ ಕ್ಷಣವೇ ಅದನ್ನು ಕಳಚುತ್ತಿದ್ದಳು. ಆದರೆ ಅವಳು ಅದಕ್ಕೆ ಬೆಲ್ಲ ತೋರಿಸಿ, ತಾನೂ ತಿಂದು, ಅದರ ಬೆನ್ನು ಸವರಿ, “ದಣದಿಯೇನೋ ನಮ್ಮಪ್ಪಾ,” ಎಂದು ಕೇಳುವ ಪರಿಯನ್ನು ನೋಡಿದರೆ, ಆ ಅಸ್ತ್ರವನ್ನು ಪ್ರಯೋಗಿಸುವ ಎದೆ ಅವನಿಗೆ ಬರಲಿಲ್ಲ. ಮಂಗಳವಾರ ಬೇಡಿದನು, ಗುರುವಾರ ಮುನಿದನು, ಶುಕ್ರವಾರ ಊಟ ಬಿಟ್ಟನು. ಚನ್ನವ್ವ, “ಶ್ರಾವಣದಾಗ ಉಪಾಸ ಚಲೋ,” ಎಂದಳು.

ಭಾನುವಾರ ಬಂದಿತು. ಇದ್ದದ್ದನ್ನು ಇದ್ದಂತೆ ಹೇಳಿ ನಾಲ್ಕು ದಿನದ ಅವಧಿ ಕೇಳಬೇಕೆಂದೂ, ನಂಬಿಕೆಗಾಗಿ ಪಡಿಯಚ್ಚನ್ನು ತೋರಿಸಬೇಕೆಂದೂ ನಿಶ್ಚಯಿಸಿ ಶೆಟ್ಟೆಪ್ಪನು ದಹಿಸರ್‌ಗೆ ಹೊರಟನು. ಬಾಗಿಲಲ್ಲಿ, “ಸರ್, ಒಂದು ಮಾತೈತ್ರಿ,” ಎಂದು ಅವನು ಆರಂಭಿಸುವಷ್ಟರಲ್ಲಿ ರಮಾನಾಥರು ಪಡಿಯಚ್ಚಿದ್ದ ಡಬ್ಬಿಯನ್ನು ಕಸಿದುಕೊಂಡು, “ಮಾತು ನಂತರ ಮಾರಾಯ, ಎಲ್ಲರೂ ಕಾಯ್ತಿದ್ದಾರೆ!” ಎಂದು ಒಳಗೆ ನಡೆದೇಬಿಟ್ಟರು.

ಒಳಗೆ ನಾಲ್ವರು ರಸಿಕರು ಕುಳಿತಿದ್ದರು. ಅವರಲ್ಲಿ ಹಿರಿಯರು, ಧಾರವಾಡದ ಕಡೆಯ ನಿವೃತ್ತ ಕಲಾಶಿಕ್ಷಕ ದೇವಾನಂದರು. ಅವರು ಎತ್ತನ್ನು ರೇಷ್ಮೆಯ ವಸ್ತ್ರದ ಮೇಲಿರಿಸಿ, ಭೂತಗನ್ನಡಿ ಹಿಡಿದು, ಬಹಳ ಹೊತ್ತು ಮೌನವಾಗಿದ್ದರು. ವಿದ್ವಾಂಸರ ಮೌನಕ್ಕೆ ಹೆದರಬೇಕು. ಅದರ ಹಿಂದೆ ಭಾಷಣವಿರುತ್ತದೆ.

“ಕ್ಯಾ ಬಾತ್ ಹೈ! ರಮಾನಾಥರ, ಖರೇ ದಂತದಾಗ ಮಾತ್ರ ಇರೋ ಜಾಳಿಗಿ ಗೆರಿ ಎಷ್ಟು ಸ್ಪಷ್ಟ ಕಾಣತಾವ ನೋಡ್ರಿ,” ಎಂದು, ಅಲ್ಲಿ ಇಲ್ಲವೇ ಇಲ್ಲದ ಗೆರೆಗಳನ್ನು ಅವರು ಉಗುರಿನಿಂದ ತೋರಿಸಿದರು. ಉಳಿದ ಮೂವರೂ ಬಾಗಿ ನೋಡಿ ಕಂಡೆವೆಂದರು. “ಈ ಹೊಳಪೈತಲ್ಲ, ಇದನ್ನ ಯಾವ ಯಂತ್ರನೂ ಕೊಡಂಗಿಲ್ಲ. ಎರಡು ನೂರು ವರ್ಷದ ಮನಷ್ಯಾರ ಅಂಗೈ ಇದು.”

ಒಂದು ವಾರದ ಹಿಂದೆ ಅದನ್ನು ಪಾಲಿಶ್ ಯಂತ್ರಕ್ಕೆ ಹಿಡಿದಿದ್ದ ಅಂಗೈಯು ಬಾಗಿಲ ಬಳಿ ಬೆವರುತ್ತಿತ್ತು.

“ಒಂದು ಕೊರತೆ ಉಂಟು,” ಎಂದರು ರಮಾನಾಥರು, ಪ್ರಾಮಾಣಿಕತೆಯ ಹೆಮ್ಮೆಯಿಂದ. “ಎಡಗೊಂಬು ಹೊಸದು. ನಮ್ಮ ಶೆಟ್ಟೆಪ್ಪ ಅಕ್ರಿಲಿಕ್‌ನಲ್ಲಿ ಮಾಡಿದ್ದು.”

ದೇವಾನಂದರು ಮತ್ತೆ ಭೂತಗನ್ನಡಿ ಹಿಡಿದು ತಲೆಯಾಡಿಸಿದರು. “ನಾ ಬಾಯಿ ಬಿಟ್ಟ ಹೇಳಲಿಲ್ಲ, ಆದ್ರ ನನಗ ಮೊದಲ ನಜರಿಗೇ ಗೊತ್ತಾಗಿತ್ತು. ಮೈಗೆ ಜೀವ ಐತಿ, ಕೊಂಬಿಗೆ ಇಲ್ಲ. ತಪ್ಪ ತಿಳ್ಕೋಬ್ಯಾಡಪಾ ತಮ್ಮಾ, ನಿನ್ನ ಕೆಲಸ ಚಲೋ ಐತಿ. ಆದ್ರ ದಂತ ದಂತನ, ಪ್ಲಾಸ್ಟಿಕ್ ಪ್ಲಾಸ್ಟಿಕ್ಕನ.”

ಕೊಂಬೂ ಮೈಯೂ ಒಂದೇ ಡಬ್ಬಿಯ ಅಕ್ರಿಲಿಕ್‌ನಿಂದ, ಒಂದೇ ಕೈಯಲ್ಲಿ ಹುಟ್ಟಿದ ಅವಳಿಗಳೆಂಬುದನ್ನು ಬಲ್ಲವನು ಆ ಕೋಣೆಯಲ್ಲಿ ಒಬ್ಬನೇ ಇದ್ದನು. ಅವನು ಮೂರು ಸಲ “ಸರ್” ಎಂದನು. ಮೂರು ಸಲವೂ ಅವನ ಕೈಗೆ ಬೋಂಡಾ ಬಂದಿತು. ಅತಿಥಿಗಳು ಹೋದ ಮೇಲೆ ರಮಾನಾಥರು ಎತ್ತನ್ನು ಕಪಾಟಿನಲ್ಲಿಟ್ಟು, ಒದ್ದೆಗಣ್ಣಾಗಿ, “ನನ್ನ ಮರ್ಯಾದೆ ಉಳಿಸಿದೆ ಮಾರಾಯ,” ಎಂದಾಗ, ಶೆಟ್ಟೆಪ್ಪನ ಗಂಟಲಿನಲ್ಲಿದ್ದ ಸತ್ಯವು ಬೋಂಡಾದೊಡನೆ ಕೆಳಗಿಳಿದುಹೋಯಿತು.

ಆದರೆ ಹೊಟ್ಟೆ ಸೇರಿದ ಸತ್ಯ ಜೀರ್ಣವಾಗುವುದಿಲ್ಲ. ಮರುದಿನ ಬೆಳಿಗ್ಗೆ ಅವನು ತಾಯಿಯ ಮುಂದೆ, ಆನೆಯ ಹಲ್ಲಿನ ಮಾತೊಂದನ್ನು ಬಿಟ್ಟು, ಎಲ್ಲವನ್ನೂ ಹೇಳಿ, “ಹೆಂಗ ಕೊಟ್ಟಾರ ಹಂಗ ಕೊಡತೀನಿ ಅಂದಿದ್ದೆ ಯವ್ವಾ. ನಾಳಿಂದ ಯಾವ ಮಾರಿ ಹೊತ್ತು ಕೆಲಸಕ್ಕ ಕೂಡಲಿ?” ಎಂದನು.

ಚನ್ನವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ನಕ್ಕು ಮುಗಿದ ಮೇಲೆ ಅವಳ ಕಣ್ಣಿನಲ್ಲಿ ವಕೀಲರ ಹೊಳಪು ಮೂಡಿತು. “ನಡಿ. ನಾನ ಬರತೀನಿ. ಸಾಹೇಬ್ರ ಜೋಡಿ ನಾ ಮಾತಾಡತೀನಿ.”

ಮಧ್ಯಾಹ್ನದ ಲೋಕಲ್ ಹಿಡಿದು ಇಬ್ಬರೂ ದಹಿಸರ್‌ಗೆ ಹೋದರು. ರಮಾನಾಥರು ಬಾಗಿಲು ತೆರೆದಾಗ ಮೊದಲು ಕಂಡದ್ದು ವೃದ್ಧೆಯ ಮುಖವಲ್ಲ. ಅವಳ ಕೊರಳಲ್ಲಿ ಮಲಗಿ ಮೆಲುಕುಹಾಕುತ್ತಿದ್ದ ಎತ್ತು. ಅವರು ಕಪಾಟಿನತ್ತ ತಿರುಗಿದರು. ಅಲ್ಲಿಯೂ ಎತ್ತು ಮಲಗಿತ್ತು.

ಶೆಟ್ಟೆಪ್ಪನು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದನು. ಚನ್ನವ್ವ ದಾರದಿಂದ ಕಳಚಿ ವಿಭೂತಿ ಒರೆಸಿ ಕೊಟ್ಟ ಎತ್ತನ್ನೂ ಕಪಾಟಿನದನ್ನೂ ರಮಾನಾಥರು ಮೇಜಿನ ಮೇಲಿರಿಸಿ, ಕನ್ನಡಕ ಬದಲಿಸಿ, ಭೂತಗನ್ನಡಿ ತಂದು, ಒಂದರಿಂದ ಇನ್ನೊಂದಕ್ಕೆ ಏಳೆಂಟು ಸಲ ಹೋಗಿಬಂದರು. ಅಷ್ಟರಲ್ಲಿ ಯಾವುದು ಯಾವ ಕಡೆಯಿತ್ತೆಂಬುದೂ ಅವರಿಗೆ ಮರೆತುಹೋಯಿತು.

“ಕಣ್ಣಿಲೆ ಅಲ್ರೀ ಸಾಹೇಬ್ರ, ಗಲ್ಲಕ್ಕ ಹಚ್ಚಿ ನೋಡ್ರಿ,” ಎಂದಳು ಚನ್ನವ್ವ.

ಹಚ್ಚಿ ನೋಡಿದರು. ಒಂದು ಬೆಚ್ಚಗಿತ್ತು, ಇನ್ನೊಂದು ಕೊಡದ ನೀರಿನಂತೆ ತಣ್ಣಗಿತ್ತು. ಆ ತಣ್ಣನೆಯದನ್ನು ಹಿಡಿದು ಅವರು ಕಿಟಕಿಯ ಬಳಿ ಹೋದರು. ಕಪಾಟಿನ ಒಣಗಾಳಿಯಲ್ಲಿ ಸುಣ್ಣದಂತೆ ಬಿಳಚಿಕೊಂಡಿದ್ದ ಎತ್ತಿಗೆ ಒಂದು ವಾರದ ಮೈಶಾಖ, ಎಣ್ಣೆಗೈ, ವಿಭೂತಿಯ ಉಜ್ಜಾಟ ಸೇರಿ, ಹಾಲಿನ ಕೆನೆಯ ಬಣ್ಣ ಮರಳಿಬಂದಿತ್ತು. ಶಿಲ್ಪಿಯು ಅದನ್ನು ಯಾರದೋ ಮೈಮೇಲೆ ಬದುಕಲೆಂದು ಕೆತ್ತಿದ್ದನು; ಅದು ಈಗ ಬದುಕಿದಂತಿತ್ತು.

“ಅಮ್ಮ, ಇದು ನನ್ನದು,” ಎಂದರು.

“ಹೌದ್ರಿ. ಆದ್ರ ನಿನ್ನೆ ನೀವು ಅದನ್ನ ಹಿಡಕೊಂಡು ಖುಷಿ ಪಟ್ರಿ. ಶಾಣ್ಯಾ ಮಂದಿ ನಾಕ ಮಂದಿ ಹೊಗಳಿದ್ರು. ಇಲ್ಲಿ ನಾ ಇದನ್ನ ಹಿಡಕೊಂಡು ಖುಷಿ ಅದೀನಿ. ಅದು ನಿಮ್ಮ ಕಡೆ ಇರಲಿ, ಇದು ನನ್ನ ಕಡೆ ಇರಲಿ. ಯಾರಿಗೆ ಏನು ಲುಕ್ಸಾನ್ ಆತು, ನೀವ ಹೇಳ್ರಿ?”

ರಮಾನಾಥರು ಲೆಕ್ಕ ಹಾಕಿದರು. ನಷ್ಟವಾಯಿತೆಂದರೆ ನಿನ್ನೆ ಕುರುಡಾಗಿದ್ದೆನೆಂದು ಒಪ್ಪಬೇಕು; ಆಗಲಿಲ್ಲವೆಂದರೆ ಎತ್ತು ಹೋಗುತ್ತದೆ. ತರ್ಕಶಾಸ್ತ್ರವನ್ನು ಓದದ ಮುದುಕಿಯರು ಹಾಕುವ ಇಕ್ಕಟ್ಟುಗಳಿಗೆ ಶಾಸ್ತ್ರದಲ್ಲಿ ಪರಿಹಾರವಿಲ್ಲ.

“ಕಾನೂನು ಉಂಟಮ್ಮ! ಇದನ್ನು ಮಾರುವ ಹಾಗಿಲ್ಲ, ದಾನ ಕೊಡುವ ಹಾಗೂ ಇಲ್ಲ. ಪ್ರಮಾಣಪತ್ರ ನನ್ನ ಹೆಸರಿನಲ್ಲಿದೆ.”

“ಬಸವಣ್ಣಗ ಕಾಗದಾ ಮಾಡಿಸೀರೇನ್ರಿ?”

“ಬಸವಣ್ಣ ಅಲ್ಲಮ್ಮ, ಆನೆದಂತ! ಸತ್ತ ಆನೆಯ ಹಲ್ಲು ಅದು!”

ಚನ್ನವ್ವ ಮಗನತ್ತ ತಿರುಗಿದಳು.

“ನಿನಗ ಗೊತ್ತಿತ್ತೇನೋ?”

“ಗೊತ್ತಿತ್ತ ಯವ್ವಾ.”

“ಮತ್ತ ಒಂದ ಮಾತ ಹೇಳಿದ್ರ ನಾ ಅವತ್ತ ತಗದ ಕೊಡತಿದ್ದೆ. ಯಾಕ ಹೇಳಲಿಲ್ಲ?”

“ನೀ ಅದರ ಬೆನ್ನ ಸವರಕೋತ ಕೂತಿದ್ದಿ. ನಿನ್ನ ಮಾರಿ ನೋಡಿ ಬಾಯಿ ಬರಲಿಲ್ಲ.”

ಮಗನು ತನ್ನ ಮಾತನ್ನು ಕಳೆದುಕೊಂಡದ್ದು ತಾಯಿಯ ಮುಖ ಬಾಡದಿರಲೆಂದೇ ಎಂಬುದು ಚನ್ನವ್ವನಿಗೆ ಅರಿವಾಯಿತು. ಆಮೇಲೆ ಅವಳು ಮೇಜಿನ ಮೇಲಿದ್ದ ಇನ್ನೊಂದು ಎತ್ತನ್ನು ಕೈಗೆತ್ತಿಕೊಂಡಳು.

“ಇದು ಯಾರ ಬಾಯಾಗರೆ ಹೋಗಿ ಬಂದೈತೇನು?”

“ಇಲ್ಲ ಯವ್ವಾ. ಹೊಸಾ ಮಾಲು. ಯಾರೂ ಕಡದಿಲ್ಲ.”

“ಯಾವದರೆ ಪ್ರಾಣಿ ಸತ್ತೈತೇನು ಇದರ ಸಲುವಾಗಿ?”

“ಇಲ್ಲ. ನನ್ನ ಎರಡು ರವಿವಾರ ಸತ್ತಾವ, ಅಷ್ಟ.”

“ಹಂಗಾರ ಇದು ಮಡಿ.” ಅವಳು ಶಿವದಾರವನ್ನು ಅದಕ್ಕೇ ಪೋಣಿಸತೊಡಗಿದಳು. “ಹಗರ ಇದ್ದರ ಇರಲಿ. ವಯಸ್ಸಾದ ಕೊರಳಿಗೆ ಹಗರಾನ ಚಲೋ. ತಗೋಳ್ರಿ ಸಾಹೇಬ್ರ ನಿಮ್ಮ ಹಲ್ಲು. ನನ್ನ ಮಗ ಹೆಂಗ ಇಸಕೊಂಡಿದ್ದ ಹಂಗ ಕೊಟ್ಟಾನ ಅನ್ರಿ. ಒಂದು ಮಾತ ಅನ್ರಿ.”

“ಹಾಗೆ ಕೊಟ್ಟಿಲ್ಲಮ್ಮ,” ಎಂದರು ರಮಾನಾಥರು ಎತ್ತನ್ನು ನೋಡುತ್ತ. “ಅದಕ್ಕಿಂತ ಚೆಂದ ಮಾಡಿ ಕೊಟ್ಟಿದ್ದಾನೆ.” ಹಾಗೆಂದವರಿಗೆ ದೇವಾನಂದರ ಭೂತಗನ್ನಡಿ ನೆನಪಾಗಿರಬೇಕು, ಒಮ್ಮೆಲೇ ನಗು ಉಕ್ಕಿತು. ಹಲ್ಲಿನ ಸೆಟ್ಟು ಜಾರದಂತೆ ಬಾಯಿಗೆ ಕೈಯಡ್ಡ ಹಿಡಿದು ನಕ್ಕರು. “ನನ್ನ ಹಲ್ಲೂ ಸುಳ್ಳು, ನಾನು ಹೊಗಳಿಸಿದ ಎತ್ತೂ ಸುಳ್ಳು, ಎರಡೂ ಇವನ ಕೈಯದ್ದೇ! ಆ ನಾಲ್ಕು ಜನಕ್ಕೆ ಮಾತ್ರ ಹೇಳಬೇಡಿಯಮ್ಮ, ನಿಮ್ಮ ಕಾಲಿಗೆ ಬೀಳ್ತೇನೆ.”

“ನಾ ಯಾಕ ಹೇಳಲಿ? ಹೊಗಳಿಸಿಕೊಂಡ ದೇವರು ಈಗ ನನ್ನ ಕೊರಳಾಗ ಐತಿ.”

ಅಂದೇ ರಮಾನಾಥರು ಕಪಾಟಿನ ಬೀಗದ ಕೈಯನ್ನು ಒಂದು ದಾರಕ್ಕೆ ಕಟ್ಟಿ, ಅದರ ಇನ್ನೊಂದು ತುದಿಗೆ ಎತ್ತನ್ನು ಪೋಣಿಸಿ, ಪಂಚೆಯ ಮೇಲಿನ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡರು. ಎತ್ತು ಪಟ್ಟಿಯ ಮೇಲೆ ಕುಳಿತು ದಾರವನ್ನು ಹಿಡಿದುಕೊಂಡಿತು. ಅವರು ಅತ್ತಿತ್ತ ನಡೆದು ನೋಡಿದರು; ಜಾರಲಿಲ್ಲ.

ದಹಿಸರ್ ಸ್ಟೇಷನ್ನಿನ ಬೆಂಚಿನ ಮೇಲೆ ಗಾಡಿ ಕಾಯುತ್ತಿದ್ದಾಗ, ಪಕ್ಕದಲ್ಲಿ ಕುಳಿತ ಗುಜರಾತಿ ಹೆಂಗಸೊಬ್ಬಳು ಚನ್ನವ್ವನ ಕೊರಳನ್ನು ಕಣ್ಣರಳಿಸಿ ನೋಡಿ, “ಮಾಜೀ, ಬಹುತ್ ಪುರಾನಾ ಹೈ ಕ್ಯಾ?” ಎಂದು ಕೇಳಿದಳು.

“ನಹೀ ರೇ ಬಾಯಿ,” ಎಂದಳು ಚನ್ನವ್ವ, ನಲವತ್ತು ವರ್ಷ ಮುಂಬಯಿಯಲ್ಲಿದ್ದೂ ಪಳಗದ ಹಿಂದಿಯಲ್ಲಿ, ಬೆರಳಿನಿಂದ ಮಗನನ್ನು ತೋರಿಸುತ್ತ. “ಏಕದಮ್ ನವಾ ಹೈ. ಇಸ್ನೇ ಬನಾಯಾ. ಮೇರಾ ಬೇಟಾ.” ಎತ್ತನ್ನು ತಿರುಗಿಸಿ ಹೊಟ್ಟೆಯಡಿಯ ಗೊರಸುಗಳನ್ನೂ ತೋರಿಸಿದಳು. ಶೆಟ್ಟೆಪ್ಪನು ನಾಚಿ, ಬಾರದ ಗಾಡಿಯತ್ತ ಮುಖ ತಿರುಗಿಸಿ ನಿಂತನು.

ಈ ಕಥೆಯನ್ನು ಓದಿದವರಿಗೂ ಓದಿಸಿ ಕೇಳಿದವರಿಗೂ, ಕೇಳುತ್ತ ಕೇಳುತ್ತ ತೂಕಡಿಸಿದವರಿಗೂ ಪರಶಿವನು ಮಂಗಳವನ್ನು ಕರುಣಿಸಲಿ. ಹುಟ್ಟಿದ ಹಲ್ಲಾಗಲಿ, ಹಾಕಿಸಿದ ಹಲ್ಲಾಗಲಿ, ಅವರ ಬಾಯಲ್ಲಿ ಗಟ್ಟಿಯಾಗಿ ನಿಲ್ಲಲಿ. ಆಡಿದ ಮಾತು ಹಲ್ಲಿಗಿಂತ ಗಟ್ಟಿಯಾಗಿ ನಿಲ್ಲಲಿ. ಅವರ ಮನೆಯ ಕಿಟಕಿಯಲ್ಲಿ ಬಂದು ಕುಳಿತದ್ದು ಯಾವ ನಾಡಿನ ದೇವರೇ ಆಗಲಿ, ತಣ್ಣಗೆ ಮೆಲುಕುಹಾಕುತ್ತ ಅವರನ್ನು ಕಾಯಲಿ.